ಆರು ಕಂಬದ ಅರಮನೆ

೩ನೇ ತಾರೀಖು, ಮಂಗಳವಾರ

ಇಂದು ಬೆಳಗ್ಗೆ ಹತ್ತೂಕಾಲಿಗೆ, ಗಂಟಲು ಡಾಕ್ಟರಮ್ಮನ ಕೋಣೆಯಲ್ಲಿ, ಮಹಾಪರಾಧಿಯೊಬ್ಬನಿಗೆ ಶಿಕ್ಷೆ ವಿಧಿಸಲಾಯಿತು. ಅಪರಾಧಿ ನಾನು! ಮೂವತ್ತೆಂಟು ವರ್ಷ ನಾಟಕ ಕಂಪನಿಯಲ್ಲಿ ರಾಜನಾಗಿ, ಸೇನಾಪತಿಯಾಗಿ, ವಾರಕ್ಕೆರಡು ಸಲ ರಾಕ್ಷಸನಾಗಿ, ಮೈಕಿನ ಹಂಗಿಲ್ಲದೆ ಕೊನೆಯ ಬೆಂಚಿನವನ ಎದೆ ನಡುಗಿಸಿದ ಕಂಠ ಇದು. ಇದಕ್ಕೆ ಇಪ್ಪತ್ತೊಂದು ದಿನಗಳ ಸೆರೆವಾಸ!

ಗಂಟಲಿನ ತಂತುಗಳ ಮೇಲೆ ಎರಡು ಗಂಟುಗಳಿವೆಯಂತೆ. ಬಾಯಿ ಮುಚ್ಚಿಕೊಂಡಿದ್ದರೆ ಕರಗಬಹುದು. ಕರಗದಿದ್ದರೆ ಕತ್ತರಿ. ಕತ್ತರಿ ಹಾಕಿದ ಮೇಲೆ ಹಳೆಯ ದನಿ ಬಂದೀತೆಂಬ ಭರವಸೆ ಇಲ್ಲ.

"ಪಿಸುಗುಟ್ಟೋದೂ ಬೇಡ. ಗುನುಗೋದು, ಗೊಣಗೋದು, ಯಾವುದೂ ಬೇಡ" ಎಂದರು ಡಾಕ್ಟರಮ್ಮ.

"ಕೊನೇ ಬೆಂಚಿನವನಿಗೆ ಕೇಳಬೇಡವೇನಮ್ಮಾ!" ಎಂದು ಗುಡುಗಿದೆ. ಅವರ ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು.

ಅವರು ಬಗ್ಗಿ ಪೆನ್ನು ಎತ್ತಿಕೊಂಡು, "ಈಗ ಗುಡುಗಿದ್ರಲ್ಲ, ಇಪ್ಪತ್ನಾಲ್ಕನೇ ತಾರೀಖಿನವರೆಗೆ ಅದೇ ಕೊನೇದು" ಎಂದರು.

ಆದ್ದರಿಂದ ಈ ಪುಸ್ತಕ. ಬಾಯಿಗೆ ಬೀಗ ಬಿದ್ದಿದೆ, ಕೈಗೆ ಬಿದ್ದಿಲ್ಲ.

೫ನೇ ತಾರೀಖು, ಗುರುವಾರ

ಮೌನದ ಮೂರನೇ ದಿನ. ಮಾತಿನ ಬದಲು ಸ್ಲೇಟು. ತಂದುಕೊಟ್ಟವಳು ಹೆಂಡತಿ. ಕಂಪನಿಯಲ್ಲಿ ವೇಷಭೂಷಣದ ಉಸ್ತುವಾರಿ ಇವಳದೇ ಇತ್ತು. ನನಗೆ ತೊಡಿಸಿದ ಕಿರೀಟಗಳಿಗೆ ಲೆಕ್ಕವಿಲ್ಲ. ಈಗ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ.

"ಏನ್ರೀ, ನಮ್ಮನೆ ಗಡಿಯಾರ ಟಿಕ್ ಟಿಕ್ ಅನ್ನತ್ತೆ ಅಂತ ಇವತ್ತು ಗೊತ್ತಾಯ್ತು" ಎಂದಳು.

ಇದಕ್ಕೆ ನಾನೊಂದು ಉಜ್ವಲ ಉತ್ತರ ಬರೆದು, ಎರಡು ಉಪಮೆ ಸೇರಿಸಿ ತಲೆ ಎತ್ತುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಸ್ಲೇಟಿನ ದೋಷ ಇದು. ನಾವು ಮುಗಿಸುವವರೆಗೆ ಯಾರೂ ಕಾಯುವುದಿಲ್ಲ.

ಮನೆಯಲ್ಲಿ ಇನ್ನೊಬ್ಬ ಗಾಯಾಳು ಇದ್ದಾಳೆ. ಮಗಳು. ಕಳೆದ ವಾರ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡು, ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾಳೆ. ಮೂವತ್ತೆರಡು ವರ್ಷದವಳು, ಎಂಟು ವರ್ಷದಿಂದ ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಕೆಲಸ. ಈಗ ಒಂದು ಹೊಸ ಹುಚ್ಚು ಹತ್ತಿದೆ. ಕಣ್ಣು ಕಾಣದವರ ಗ್ರಂಥಾಲಯದವರು ಆರುನೂರ ನಲವತ್ತು ಪುಟದ ಕಾದಂಬರಿಯೊಂದನ್ನು ಓದಿಸಿ ಧ್ವನಿ ಮುದ್ರಿಸಿಕೊಳ್ಳುತ್ತಾರಂತೆ. ಯಾರ ಓದು ಒಪ್ಪಿಗೆಯಾಗುತ್ತದೋ ಅವರೇ ಮುಂದೆ ಅಲ್ಲಿಯ ಕಾಯಂ ಓದುಗರು. ಇವಳು ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಒಂದು ಅಧ್ಯಾಯ ಓದಿ ಕಳಿಸಿದ್ದಳು. ಇಂದು ಉತ್ತರ ಬಂದಿದೆ.

"ಓದು ಚೆನ್ನಾಗಿದೆ. ಆದರೆ ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಗೊರಕೆಯಿಲ್ಲದ ಪ್ರತಿ ಕಳಿಸಿ."

ಇಬ್ಬರೂ ನನ್ನ ಕಡೆ ತಿರುಗಿದರು! ನಾನು ಎದೆಗೆ ಕೈಯಿಟ್ಟು ನಿರಪರಾಧಿಯ ಅಭಿನಯ ಮಾಡಿದೆ. ಗೊರಕೆ ಹೊಡೆದದ್ದು ಕಂಪ್ಯೂಟರು. ಅದರ ತಗಡಿನ ಡಬ್ಬದೊಳಗೆ ಪುಟ್ಟ ಫ್ಯಾನೊಂದು ಕಿರುಗುಟ್ಟುತ್ತದೆ, ತಗಡು ಅದಕ್ಕೆ ತಾಳ ಹಾಕುತ್ತದೆ. ಪಕ್ಕದ ಕೋಣೆಯಲ್ಲಿ ಇಡೋಣವೆಂದರೆ ಅಲ್ಲಿ ಹೊಲಿಗೆ ಯಂತ್ರ.

ನಿಜ ಹೇಳಬೇಕೆಂದರೆ ಇವಳ ದನಿ ಸಣ್ಣದು. ಎರಡನೇ ಬೆಂಚಿಗೂ ಮುಟ್ಟದು. ಇದನ್ನು ನೆಚ್ಚಿಕೊಂಡು ಯಾರಾದರೂ ಆರುನೂರು ಪುಟ ಕೇಳಿಯಾರೇ? ನನ್ನನ್ನು ಕೇಳಿದ್ದರೆ ನಾನೇ ಓದಿಕೊಡುತ್ತಿದ್ದೆ. ಇಪ್ಪತ್ನಾಲ್ಕರ ನಂತರ.

೮ನೇ ತಾರೀಖು, ಭಾನುವಾರ

ಅಚ್ಚಿನ ಮನೆಯ ಗೆಳತಿಯೊಬ್ಬಳು ಮಗಳಿಗೆ ತನ್ನ ಹಳೆಯ ಕ್ಯಾಬಿನೆಟ್ ಕೊಟ್ಟು ಹೋದಳು. ಕ್ಯಾಬಿನೆಟ್ ಎಂದರೆ ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಡಬ್ಬ. ಕಪ್ಪು ಬಣ್ಣ, ಒಳ್ಳೆಯ ತೂಕ, ಗೋಡೆಗಳ ಒಳಮೈಗೆ ಹಾಸಿಗೆಯಂಥ ಸ್ಪಂಜು. ಮುಚ್ಚಳ ತೆಗೆದು ಇಣುಕಿದೆ. ಹಿಂಗೋಡೆಯಲ್ಲಿ ತಟ್ಟೆಯಗಲದ ಫ್ಯಾನೊಂದು ಬಿಟ್ಟರೆ ಒಳಗೆ ಏನೂ ಇಲ್ಲ! ಪ್ರದರ್ಶನ ಮುಗಿದು ಸಾಮಾನೆಲ್ಲ ಲಾರಿಗೇರಿದ ಮೇಲಿನ ರಂಗ.

ಹಳೆಯ ಡಬ್ಬದ ಭಾಗಗಳನ್ನು ಬಿಚ್ಚಿ ಇದರಲ್ಲಿ ಕೂರಿಸಬೇಕು. ರಿಪೇರಿ ಅಂಗಡಿಯವನು "ಬಿಟ್ಟು ಹೋಗಿ, ಹದಿನೈದು ದಿನ ಆಗತ್ತೆ" ಎಂದನಂತೆ. ಮಗಳಿಗೆ ಕೆಲಸ ಗೊತ್ತು, ಕೈ ಇಲ್ಲ. ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆ ಹೆಣಗಿದಳು, ಒಂದು ಸ್ಕ್ರೂ ಬರಲಿಲ್ಲ.

ನಾನು ಸ್ಲೇಟಿನಲ್ಲಿ ಬರೆದೆ: "ಕೈ ನನ್ನದು. ಮಾತು ನಿನ್ನದು."

ಅವಳು ಅದನ್ನು ಕರಡು ತಿದ್ದುವವರ ಹಾಗೆ ಎರಡೆರಡು ಸಲ ಓದಿದಳು. "ಹೇಳಿದಷ್ಟೇ ಮಾಡ್ತೀರಾ?"

"ಆಣೆ" ಎಂದು ಬರೆದೆ.

"ಸ್ಟೇಜ್ ಮೇಲೆ ಯಾವತ್ತಾದ್ರೂ ಬರೆದಿದ್ದಷ್ಟೇ ಹೇಳಿದ್ದುಂಟಾ ಅಪ್ಪಾ ನೀವು?"

ಅದೊಂದು ಮೆಚ್ಚುಗೆಯ ಮಾತು. ಬರೆದದ್ದನ್ನು ಬರೆದಂತೆ ಹೇಳುವವನು ಗಿಳಿ, ನಾನು ನಟ. ಇವಳೇ ಸಾಕ್ಷಿ. ಎಂಟನೇ ವಯಸ್ಸಿನಲ್ಲಿ ಇವಳಿಗೊಂದು ಪಾತ್ರ ಕೊಟ್ಟಿದ್ದೆವು: ಅರಮನೆಯ ದೀಪದ ಹುಡುಗಿ, ಒಂದೇ ಒಂದು ಮಾತು. ಅಂದು ನನಗೆ ಸ್ಫೂರ್ತಿ ಬಂದುಬಿಟ್ಟಿತು. ಸಿಂಹಾಸನದ ಮುಂದೆ ನಿಂತು ಹನ್ನೊಂದು ನಿಮಿಷ ಸ್ವಂತ ಮಾತು ಸುರಿಸಿದೆ, ಸೀಟಿಯ ಮೇಲೆ ಸೀಟಿ, ಪರದೆಯವನು ಮೈಮರೆತು ಪರದೆ ಇಳಿಸಿಯೇಬಿಟ್ಟ! ಈ ಹುಡುಗಿ ದೀಪ ಹಿಡಿದು ನಿಂತೇ ಇತ್ತು. ಈ ಕಥೆ ಹೇಳಿ ಎಷ್ಟು ಮದುವೆ ಮನೆಗಳನ್ನು ನಗಿಸಿದ್ದೇನೋ.

೯ನೇ ತಾರೀಖು, ಸೋಮವಾರ

ಹಳೆಯ ಡಬ್ಬ ತೆರೆದೆವು. ಅಬ್ಬಬ್ಬಾ!

ಹೊರಗಿನಿಂದ ನೋಡಿದರೆ ಮುಖವಿಲ್ಲದ ತಗಡು. ಒಳಗೆ ಊರೇ ಇದೆ. ಹಸಿರು ಹಲಗೆಯ ಮೇಲೆ ಬೀದಿಗಳು, ಗೋಪುರಗಳು, ಬಣ್ಣಬಣ್ಣದ ವೈರುಗಳ ಜಡೆ. ನಡುವೆ ಫ್ಯಾನಿನ ಛತ್ರಿಯಡಿ ಸಿಂಹಾಸನಾಧೀಶ ಮಹಾರಾಜ. ಪಕ್ಕದಲ್ಲಿ ನೆಟ್ಟಗೆ ನಿಂತ ಇಬ್ಬರು ಅವಳಿ ಮಂತ್ರಿಗಳು. ಮೂಲೆಯಲ್ಲಿ ದಪ್ಪ ಹೊಟ್ಟೆಯ ಖಜಾಂಚಿ; ಎಲ್ಲರಿಗೂ ಹಂಚುವವನು ಅವನೇ. ಹೀಗೆ ಪಾತ್ರವರ್ಗ ಬರೆದು ಮಗಳಿಗೆ ತೋರಿಸಿದೆ.

"ಮಹಾರಾಜ ಅಂದ್ರೆ ಪ್ರೊಸೆಸರು. ಮಂತ್ರಿಗಳು ರ್‍ಯಾಮು. ಖಜಾಂಚಿ ಪವರ್ ಸಪ್ಲೈ" ಎಂದು ನಕ್ಕಳು. "ಮಹಾರಾಜನ್ನ ಮಾತ್ರ ಮುಟ್ಟಬೇಡಿ, ಅವನು ಕೂತಲ್ಲೇ ಇರ್ಲಿ. ಬೋರ್ಡ್ ಸಮೇತ ಎತ್ತೋಣ."

ಹಿಂಗೋಡೆಯ ಕಿರುಗುಟ್ಟುವ ಫ್ಯಾನಿನ ಎಸಳುಗಳಲ್ಲಿ ಧೂಳಿನ ಕಂಬಳಿ. ಬಿಡಿಸುತ್ತಾ ಹೋದರೆ ಅದರೊಳಗೆ ಏನೋ ಮಿಣಮಿಣ ಹೊಳೆಯಿತು. ಚಮಕಿ! ಒಂದಲ್ಲ, ಹದಿನಾಲ್ಕು. ಹೆಂಡತಿಯ ಹೊಲಿಗೆ ಕೋಣೆಯಿಂದ ಗಾಳಿಯ ಜೊತೆ ಹಾರಿ ಬಂದು ಇಲ್ಲಿ ಬಿಡಾರ ಹೂಡಿವೆ.

"ಅಮ್ಮಾ, ನಿನ್ನ ಚಮಕಿ ಕಂಪ್ಯೂಟರ್ ಉಟ್ಕೊಂಡಿದೆ ನೋಡು!" ಎಂದು ಮಗಳು ಕೂಗಿದಳು.

"ಅಷ್ಟು ವರ್ಷ ನಿಮ್ಮಪ್ಪ ಉಟ್ಟಿಲ್ವಾ, ಅದೂ ಉಡ್ಲಿ ಬಿಡು" ಎಂದು ಆಚೆಯಿಂದ ಉತ್ತರ ಬಂತು.

೧೧ನೇ ತಾರೀಖು, ಬುಧವಾರ

ಎರಡು ಗಂಟೆಯ ಮಧ್ಯಾಹ್ನದ ಪ್ರದರ್ಶನ. ಮಗಳು ಮಂಚದ ಮೇಲೆ, ಕೈ ದಿಂಬಿನ ಮೇಲೆ. ನಾನು ನೆಲದ ಮೇಲೆ, ಹತ್ತಿ ಬಟ್ಟೆ ಹಾಸಿಕೊಂಡು.

"ಮೊದ್ಲು ಫೋಟೋ ತೆಗೀರಿ. ಯಾವ ವೈರು ಎಲ್ಲಿತ್ತು ಅಂತ ಆಮೇಲೆ ಜಗಳ ಆಗಬಾರದು. ಹಾಂ. ಈಗ ಆ ಬರಿ ತಗಡು ಮುಟ್ಟಿ. ಸುಮ್ನೆ ಮುಟ್ಟಿ ಅಪ್ಪಾ. ಮೈಯಲ್ಲಿರೋ ಕರೆಂಟು ಇಳಿದುಹೋಗಲಿ."

ಮೈಯಲ್ಲಿ ಕರೆಂಟು ಇದೆಯೇ! ಸ್ಲೇಟಿನಲ್ಲಿ ಕೇಳಿದೆ. ಇದೆಯಂತೆ. ಎಲ್ಲರ ಮೈಯಲ್ಲೂ. ಚಳಿಗಾಲದಲ್ಲಿ ಉಣ್ಣೆ ಅಂಗಿ ಬಿಚ್ಚಿದಾಗ ಚಟಚಟ ಎನ್ನುವುದು ಅದೇ. ನಮಗೆ ಚುಚ್ಚಿದ್ದೂ ಗೊತ್ತಾಗದಷ್ಟು ಸಣ್ಣ ಕಿಡಿ, ಈ ಹಲಗೆಗೆ ಸಿಡಿಲು. ಅರವತ್ತಮೂರು ವರ್ಷ ಸಿಡಿಲು ಹೊತ್ತುಕೊಂಡು ತಿರುಗಿದ್ದೇನೆ, ಯಾರೂ ಹೇಳಿರಲಿಲ್ಲ.

ದೊಡ್ಡ ಪ್ಲಗ್ಗು ಎಳೆದರೆ ಬರಲಿಲ್ಲ. ಇನ್ನೂ ಎಳೆದೆ. "ಎಳೀಬೇಡಿ! ಪಕ್ಕದಲ್ಲೊಂದು ಕೊಂಡಿ ಇದೆ, ಅದನ್ನ ಒತ್ತಿ." ಒತ್ತಿದೆ. ಬೆಣ್ಣೆಯಿಂದ ಕೂದಲು ಬಂದಂತೆ ಬಂತು. ಎರಡು ರ್‍ಯಾಮುಗಳನ್ನು ಮಾತ್ರ ಅವಳೇ ಎಡಗೈಯಿಂದ ಬಿಡಿಸಿದಳು. ನನ್ನ ಬೆರಳು ದಪ್ಪವಂತೆ. ಸ್ಕ್ರೂಗಳನ್ನು ಗಾತ್ರಕ್ಕೆ ತಕ್ಕಂತೆ ಬಟ್ಟಲುಗಳಲ್ಲಿ ಬೇರ್ಪಡಿಸಿದೆ. ಸಂಜೆ ಐದಕ್ಕೆ ಹಳೆಯ ಡಬ್ಬ ಖಾಲಿ.

೧೨ನೇ ತಾರೀಖು, ಗುರುವಾರ

ಇಂದು ಅಡಿಪಾಯ. ಹೊಸ ಕ್ಯಾಬಿನೆಟ್ಟಿನೊಳಗಿನ ತಗಡಿನ ತಟ್ಟೆಗೆ ಮೊದಲು ಹಿತ್ತಾಳೆಯ ಪುಟ್ಟ ಕಂಬಗಳನ್ನು ತಿರುಗಿಸಿ ನಿಲ್ಲಿಸಬೇಕು, ಅವುಗಳ ಮೇಲೆ ಬೋರ್ಡು ಕೂರುತ್ತದೆ. "ತಟ್ಟೇಲಿ ಒಂಬತ್ತು ತೂತು ಇವೆ. ನಮ್ಮ ಬೋರ್ಡ್ ಸಣ್ಣದು, ಅದಕ್ಕೆ ಆರೇ ತೂತು. ಆ ಆರರ ಕೆಳಗೆ ಮಾತ್ರ ಕಂಬ ಹಾಕಿ" ಎಂದು ಹೇಳಿ, ಫೋನು ಬಂತೆಂದು ಮಗಳು ಆಚೆ ಹೋದಳು.

ಆರು ಹಾಕಿದೆ. ಮೂರು ತೂತುಗಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ನಮ್ಮ ಕಂಪನಿಯಲ್ಲಿ ಒಂದು ಕಟ್ಟುನಿಟ್ಟು: ತೂತು ಇದ್ದಲ್ಲೆಲ್ಲ ಗೂಟ. ಹಿಂದೊಮ್ಮೆ ರಂಗದ ಬಡಗಿ ಎರಡು ತೂತು ಹಾಗೇ ಬಿಟ್ಟದ್ದಕ್ಕೆ ಅರಮನೆಯ ಗೋಡೆ ನನ್ನ ಕಿರೀಟದ ಮೇಲೆಯೇ ಬಂದಿತ್ತು. ಪೊಟ್ಟಣದಲ್ಲಿ ಕಂಬಗಳಿಗೇನು ಬರವೇ? ಉಳಿದ ಮೂರನ್ನೂ ಹಾಕಿ ಬಿಗಿ ಮಾಡಿದೆ. ಮೇಲೆ ಬೋರ್ಡು ಇಟ್ಟಾಗ ಒಂಬತ್ತರಲ್ಲಿ ಒಂದೂ ಕಾಣಲಿಲ್ಲ. ಗಟ್ಟಿ ಕೆಲಸ. ಹೇಳಿಕೊಳ್ಳಲಿಲ್ಲ, ದೊಡ್ಡ ಕಲಾವಿದರು ಹೇಳಿಕೊಳ್ಳುವುದಿಲ್ಲ.

೧೩ನೇ ತಾರೀಖು, ಶುಕ್ರವಾರ

ವೈರುಗಳೆಲ್ಲ ಸೇರಿದವು. ಮೂವರೂ ಸುತ್ತ ನಿಂತೆವು. ಹೆಂಡತಿ ಕತ್ತರಿ ಕೈಯಲ್ಲಿ ಹಿಡಿದೇ ಬಂದಿದ್ದಳು. ಮಗಳು ಎಡಗೈ ತೋರುಬೆರಳಿನಿಂದ ಗುಂಡಿ ಒತ್ತಿದಳು.

ಫ್ಯಾನು ಕಾಲು ಸುತ್ತು ತಿರುಗಿತು. ನಿಂತಿತು.

ಮತ್ತೆ ಒತ್ತಿದಳು. ಕಾಲು ಸುತ್ತು. ನಿಂತಿತು.

"ತಾಳಿ, ವೈರು ಸಡಿಲ ಇರಬಹುದು." ಎಲ್ಲ ವೈರುಗಳನ್ನೂ ಒಂದೊಂದಾಗಿ ಬಿಡಿಸಿ ಸಿಕ್ಕಿಸಿದೆ. ಫೋಟೋಗಳನ್ನು ಎದುರಿಟ್ಟು ಹೋಲಿಸಿದೆವು. ಕಾಲು ಸುತ್ತು. ನಿಂತಿತು.

ಯಾರೂ ಮಾತಾಡಲಿಲ್ಲ. ನನ್ನೊಬ್ಬನಿಗೆ ಮಾತ್ರ ಅದಕ್ಕೆ ನೆಪವಿತ್ತು.

೧೪ನೇ ತಾರೀಖು, ಶನಿವಾರ

ಅದೇ.

೧೫ನೇ ತಾರೀಖು, ಭಾನುವಾರ

ಮಗಳು ಮೊನ್ನೆಯಿಂದ ತನ್ನ ಎಡಗೈಯನ್ನು ಬೈಯುತ್ತಿದ್ದಾಳೆ. "ರ್‍ಯಾಮ್ ಕೀಳುವಾಗ ನಾನೇ ಏನೋ ಮುರಿದಿದ್ದೀನಿ. ಈ ಕೈಗೆ ಹದ ಇಲ್ಲ. ನೆಟ್ಟಗೆ ಎಳೀಲಿಲ್ಲ ನಾನು, ಓರೆ ಎಳೆದೆ."

"ಹೊಸ ಬೋರ್ಡ್ ತರಬಾರದೇನೇ?" ಎಂದಳು ಅವಳಮ್ಮ.

"ಇಷ್ಟು ಹಳೇ ಬೋರ್ಡು ಈಗ ಎಲ್ಲೂ ಸಿಗಲ್ಲಮ್ಮ. ಹೊಸ ಬೋರ್ಡಂದ್ರೆ ಒಳಗಿರೋದೆಲ್ಲ ಹೊಸದು ತರಬೇಕು. ಇಪ್ಪತ್ತರೊಳಗೆ ಆಗೋ ಮಾತಲ್ಲ. ಬಿಡು, ಆಗಲ್ಲ ಅಂತ ಅವರಿಗೆ ಬರೆದು ಕಳಿಸ್ತೀನಿ. ಎಂಟು ವರ್ಷ ಮನಸ್ಸಲ್ಲೇ ಓದಿದ್ದಾಯ್ತು. ಇನ್ನೂ ಎಂಟು ವರ್ಷ ಹಾಗೇ ಓದಿದ್ರೆ ಆಯ್ತು."

ನಗುತ್ತಲೇ ಹೇಳಿದಳು. ಆ ಮಾತಿನಲ್ಲಿ "ಮನಸ್ಸಲ್ಲೇ" ಎಂಬ ಪದದ ಮೇಲೆ ದನಿ ಎಷ್ಟು ಕಡಿಮೆ ಇತ್ತೆಂದರೆ ನಾನು ಕತ್ತು ಮುಂದೆ ಚಾಚಬೇಕಾಯಿತು. ಕಡಿಮೆ ಮಾಡಿ ಹಿಡಿದು ನಿಲ್ಲಿಸುವುದು ಸುಲಭದ ವಿದ್ಯೆಯಲ್ಲ. ಎಲ್ಲಿ ಕಲಿತಳು?

ಅವಳ ಮನಸ್ಸು ಬೇರೆ ಕಡೆ ತಿರುಗಿಸಲೆಂದು ಬಾಯಿಗೆ ಬಂದ, ಅಲ್ಲ, ಸ್ಲೇಟಿಗೆ ಬಂದ ಒಂದು ಪ್ರಶ್ನೆ ಕೇಳಿದೆ: "ಬೋರ್ಡನ್ನು ನೇರವಾಗಿ ತಟ್ಟೆಯ ಮೇಲೆ ಯಾಕೆ ಇಡುವುದಿಲ್ಲ? ಕಂಬ ಯಾಕೆ?"

"ಬೋರ್ಡ್ ಬೆನ್ನಲ್ಲಿ ಸಾವಿರ ಬೆಸುಗೆ ಚುಕ್ಕಿ ಇವೆ ಅಪ್ಪಾ. ಒಂದೊಂದರಲ್ಲೂ ಕರೆಂಟ್ ಹರೀತಿರತ್ತೆ. ಅದು ಲೋಹಕ್ಕೆ ತಾಗಿದ್ರೆ ಹೋಗಬೇಕಾದ ದಾರಿ ಬಿಟ್ಟು ಅಡ್ಡದಾರಿ ಹಿಡಿಯತ್ತೆ. ಅದಕ್ಕೇ ಗಾಳೀಲಿ ಎತ್ತಿ ನಿಲ್ಲಿಸೋದು. ತೂತಿರೋ ಆರು ಜಾಗದಲ್ಲಿ ಮಾತ್ರ ತಾಗಿದ್ರೆ ತೊಂದ್ರೆ ಇಲ್ಲ."

ಆರು ಜಾಗದಲ್ಲಿ ಮಾತ್ರ.

ಉಳಿದ ಜಾಗದಲ್ಲಿ ಕಂಬ ಇದ್ದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ.

೧೬ನೇ ತಾರೀಖು, ಸೋಮವಾರ

ಗಂಟಲು ಸ್ವಲ್ಪ ನೋವು. ಮಳೆ. ಬೂಟಿಗೆ ಪಾಲಿಶ್ ಹಾಕಿದೆ. ಹಾಕಿದ್ದ ಬೂಟಿಗೇ ಸಂಜೆ ಮತ್ತೊಮ್ಮೆ ಹಾಕಿದೆ.

ಮಗಳು ಪತ್ರವನ್ನು ಎಡಗೈಯಲ್ಲಿ ಬರೆಯುತ್ತಿದ್ದಾಳೆ. ನಾಲ್ಕು ಸಾಲು ಆಗಿದೆ.

೧೭ನೇ ತಾರೀಖು, ಮಂಗಳವಾರ

ಬೆಳಗ್ಗೆ ತಿಂಡಿಯಾದ ಮೇಲೆ ಅವಳ ಮುಂದೆ ಸ್ಲೇಟು ಇಟ್ಟೆ. ಮೊದಲು ದೊಡ್ಡ ಪೀಠಿಕೆ ಬರೆದಿದ್ದೆ, ಬಡಗಿಯ ಕಥೆ, ಗೋಡೆ ಬಿದ್ದ ಕಥೆ ಎಲ್ಲ. ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ನೀನು ಆರು ಹೇಳಿದೆ. ನಾನು ಒಂಬತ್ತು ಹಾಕಿದೆ."

ಓದಿದಳು. ಮುಖ ಕೆಂಪಾಯಿತು.

"ಆರು ಅಂದಿದ್ದೆ. ಕನ್ನಡದಲ್ಲೇ ಅಂದಿದ್ದೆ."

ತಲೆಯಾಡಿಸಿದೆ.

"ನಾಲ್ಕು ದಿನದಿಂದ ಈ ಕೈಗೆ ಶಾಪ ಹಾಕ್ತಾ ಕೂತಿದ್ದೀನಿ ನಾನು! ನೀವು ನೋಡ್ತಾ ಕೂತಿದ್ರಿ!"

"ಎರಡು ದಿನದಿಂದ ಗೊತ್ತು" ಎಂದು ಬರೆದೆ. ಅದನ್ನೂ ಹೇಳಬೇಕಿತ್ತು.

ಹೆಂಡತಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದಳು. "ಇವರ ಕೈಗೆ ಒಂದು ಮಾತು ಕೊಟ್ರೆ ಹತ್ತು ಮಾಡ್ತಾರೆ, ಆರು ಕಂಬ ಕೊಟ್ರೆ ಒಂಬತ್ತು ಮಾಡ್ತಾರೆ" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಮಗಳು ಸ್ಕ್ರೂಡ್ರೈವರನ್ನು ನನ್ನ ಕಡೆ ತಳ್ಳಿ, "ಬಿಚ್ಚಿ" ಎಂದಳು.

ಬಿಚ್ಚಿದೆ. ಎಲ್ಲವನ್ನೂ, ಮೊದಲಿನಿಂದ. ಪವರ್ ಸಪ್ಲೈ ವೈರು, ಹಾರ್ಡ್ ಡಿಸ್ಕಿನ ವೈರು, ಮುಂದಿನ ಗುಂಡಿಗೆ ಹೋಗುವ ಸಣ್ಣ ಸಣ್ಣ ವೈರುಗಳು. ಬೋರ್ಡು ಎತ್ತಿ ಬೆನ್ನು ನೋಡಿದೆವು. ಮೂರು ಕಡೆ ಸಣ್ಣಗೆ ಗೀರಿದ ಗುರುತು. ಸುಟ್ಟಿಲ್ಲ ಎಂದಳು. ಆದರೆ ಒಳಗೆ ಏನಾಗಿದೆಯೋ ಹಚ್ಚಿ ನೋಡುವವರೆಗೆ ಹೇಳಲಾಗದಂತೆ.

ಮೂರನೆಯ ಕಂಬ ತಿರುಗಿಸಿ ತೆಗೆಯುವಾಗ ಅವಳು ಇದ್ದಕ್ಕಿದ್ದಂತೆ, "ನಿಮ್ಮ ಆ ಹನ್ನೊಂದು ನಿಮಿಷದ ಕಥೆ ಇದೆಯಲ್ಲ, ದೀಪದ ಹುಡುಗಿದು. ನಾನೂ ನಗ್ತೀನಿ ಪ್ರತಿ ಸಲ. ಅವಳು ಹೇಳಬೇಕಿದ್ದ ಮಾತು ಯಾವುದು ಅಂತ ನಿಮಗೆ ಗೊತ್ತಾ?" ಎಂದಳು.

ಯೋಚಿಸಿದೆ. ನನ್ನ ಹನ್ನೊಂದು ನಿಮಿಷ ಅಕ್ಷರ ಅಕ್ಷರ ನೆನಪಿದೆ. ಅವಳ ಮಾತು? ಸ್ಲೇಟಿನಲ್ಲಿ "ಯಾವುದು?" ಎಂದು ಬರೆದೆ.

"'ಎಣ್ಣೆ ಮುಗೀತಾ ಬಂತು ಮಹಾರಾಜರೇ, ದೀಪ ಸಣ್ಣದು ಮಾಡಲೇ?' ಅಷ್ಟೇ. ಹದಿನಾರು ದಿನ ಅಭ್ಯಾಸ ಮಾಡಿದ್ದೆ. ಅಮ್ಮನ ಬಟ್ಟೆ ಪೆಟ್ಟಿಗೆ ಒಳಗೆ ಕೂತ್ಕೊಂಡು."

ಇಷ್ಟು ವರ್ಷಕ್ಕೆ ಈಗ ಕೇಳಿದೆ. 'ಸಣ್ಣದು' ಎಂಬಲ್ಲಿ ದನಿಯನ್ನೂ ಸಣ್ಣದು ಮಾಡಿದಳು, ದೀಪ ಇಳಿದದ್ದು ಕಣ್ಣಿಗೆ ಕಂಡಿತು. ಆ ನಾಟಕದ ಕೊನೆಯ ದೃಶ್ಯ ಹಾಗೆ ಮುಗಿಯಬೇಕಿತ್ತು. ಎಷ್ಟು ಚೆನ್ನಾಗಿತ್ತು! ಬರೆದವನು ದಡ್ಡನಲ್ಲ.

ಮೂರೂ ಕಂಬಗಳನ್ನು ಬಟ್ಟಲಿಗೆ ಹಾಕಿ, ಆರನ್ನು ಎಣಿಸಿ, ಅವಳಿಗೆ ತೋರಿಸಿದೆ. ಅವಳೂ ಎಣಿಸಿದಳು. ಆಮೇಲೆ ಬೋರ್ಡು ಇಟ್ಟೆ. ಪ್ರತಿ ಸ್ಕ್ರೂ ಆದ ಮೇಲೂ ಮುಂದಿನದನ್ನು ಅವಳು ಹೇಳುವವರೆಗೆ ಕಾದೆ.

೧೮ನೇ ತಾರೀಖು, ಬುಧವಾರ

ಹನ್ನೊಂದು ಗಂಟೆಗೆ ಗುಂಡಿ ಒತ್ತಿದಳು. ಫ್ಯಾನು ಕಾಲು ಸುತ್ತು ತಿರುಗಿತು. ಅರ್ಧ. ಪೂರ್ತಿ. ಮತ್ತೆ ಮತ್ತೆ. ಪರದೆಯ ಮೇಲೆ ಅಕ್ಷರ ಮೂಡಿದವು!

ಆದರೆ ಸದ್ದೆಲ್ಲಿ? ನಾನು ಕ್ಯಾಬಿನೆಟ್ಟಿಗೆ ಕಿವಿಯಿಟ್ಟೆ. ದೂರದ ಮನೆಯಲ್ಲಿ ಯಾರೋ ಉಸಿರಾಡಿದ ಹಾಗೆ. ಮುಚ್ಚಳ ಹಾಕಿದ ಮೇಲೆ ಅದೂ ಇಲ್ಲ. ಹಳೆಯ ಡಬ್ಬದ ಫ್ಯಾನು ಅಂಗೈಯಗಲ ಇತ್ತು, ಅರಚುತ್ತಿತ್ತು. ಇದರದ್ದು ತಟ್ಟೆಯಗಲ ಇದೆ. ಅದು ಹೇಗೆ ಎಂದು ಬರೆದು ಕೇಳಿದೆ.

"ಸಣ್ಣ ಫ್ಯಾನು ಅಷ್ಟೇ ಗಾಳಿ ತಳ್ಳಬೇಕು ಅಂದ್ರೆ ಜೋರಾಗಿ ಸುತ್ತಬೇಕು. ದೊಡ್ಡದಕ್ಕೆ ಅವಸರ ಇಲ್ಲ, ನಿಧಾನಕ್ಕೆ ಸುತ್ತಿದ್ರೂ ಸಾಕು."

ಇದನ್ನು ಕೇಳಿದ ಮೇಲೆ ಹೆಂಡತಿಯ ಮೇಜಿನ ಫ್ಯಾನು, ಔಷಧದಂಗಡಿಯ ಗೋಡೆಯ ಫ್ಯಾನು, ಬಸ್ಸಿನ ಡ್ರೈವರ್ ತಲೆಯ ಮೇಲಿನ ಫ್ಯಾನು, ಎಲ್ಲವನ್ನೂ ನಿಂತು ಕೇಳಿ ಬಂದೆ. ಮಗಳು ಹೇಳಿದ್ದು ನಿಜ. ಡ್ರೈವರು ಮಾತ್ರ "ಇಳೀತೀರಾ ಇಲ್ವಾ ಯಜಮಾನ್ರೇ?" ಎಂದ.

೨೦ನೇ ತಾರೀಖು, ಶುಕ್ರವಾರ

ಅಧ್ಯಾಯ ಹೋಯಿತು, ಗಡುವಿಗೆ ಮೂರು ಗಂಟೆ ಮೊದಲು. ಅವಳು ಓದುವಷ್ಟು ಹೊತ್ತು ಹೊಲಿಗೆ ನಿಂತಿತ್ತು. ನಾನು ಬೀದಿ ಬಾಗಿಲಲ್ಲಿ ಕಾವಲು ನಿಂತೆ. ಹಳೆ ಪೇಪರಿನವನು ಕೂಗಲು ಬಾಯಿ ತೆರೆದ. ಓಡಿ ಹೋಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಬೀದಿಯ ಕೊನೆವರೆಗೆ ಗಾಡಿ ತಳ್ಳಿಕೊಟ್ಟೆ. ದಾರಿಯುದ್ದಕ್ಕೂ ತನ್ನ ಮೊಣಕಾಲಿನ ಕಥೆ ಹೇಳಿದ. ಒಳ್ಳೆಯ ಕಥೆ.

೨೩ನೇ ತಾರೀಖು, ಸೋಮವಾರ

ಗ್ರಂಥಾಲಯದಿಂದ ಎರಡು ಸಾಲು. "ಗೊರಕೆ ನಿಂತಿದೆ. ಮೊದಲನೆಯ ಪುಟದಿಂದ ಶುರು ಮಾಡಿ, ಆರುನೂರ ನಲವತ್ತನ್ನೂ ನೀವೇ ಓದಿ."

ಹೆಂಡತಿ ಅತ್ತಳು, ನಕ್ಕಳು, ಚಮಕಿ ತುಂಬಿದ ಕೈಯಿಂದಲೇ ಮಗಳ ಕೆನ್ನೆ ಸವರಿದಳು. ಮಗಳು ಹೊಳೆಯುವ ಕೆನ್ನೆ ಇಟ್ಟುಕೊಂಡು ಮಧ್ಯಾಹ್ನವೇ ಓದಲು ಕೂತಳು.

೨೪ನೇ ತಾರೀಖು, ಮಂಗಳವಾರ

ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿದರು. ಗಂಟುಗಳು ಹುಡುಕಿದರೆ ಸಿಗುವಷ್ಟು ಸಣ್ಣದಾಗಿವೆಯಂತೆ. ಕತ್ತರಿ ಬೇಡ. ಆ ಕೊಳವೆಯ ತುದಿಯಲ್ಲಿ ದೀಪ ಹೇಗೆ ಉರಿಯುತ್ತದೆ ಎಂದು ಸ್ಲೇಟಿನಲ್ಲಿ ಕೇಳಿದೆ. ಬಿಚ್ಚಿ ತೋರಿಸಿದರು: ದೀಪ ತುದಿಯಲ್ಲಿಲ್ಲ, ಪೆಟ್ಟಿಗೆಯಲ್ಲಿದೆ, ಬೆಳಕು ಗಾಜಿನ ಎಳೆಗಳೊಳಗೆ ಬಾಗಿ ಬಾಗಿ ಬರುತ್ತದೆ. ಬೆಳಕು ಬಾಗುತ್ತದೆ! ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟುವವರೆಗೆ ನೋಡಿದೆ.

"ಮಾತಾಡಬಹುದು, ಮೆಲ್ಲಗೆ. ಮನೆಗೆ ಹೋಗಿ ಶುರು ಮಾಡಿ" ಎಂದರು. "ಇನ್ಮೇಲೆ ಆ ಕೊನೇ ಬೆಂಚಿನೋರೇ ಎದ್ದು ಮುಂದೆ ಬಂದು ಕೂತ್ಕೊಳ್ಳಲಿ."

ಮನೆಗೆ ಬಂದಾಗ ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಓದು ನಡೆಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಪಡಸಾಲೆಯ ಸ್ಟೂಲಿನ ಮೇಲೆ ಕೂತೆ. ಕಾದಂಬರಿಯ ಹೆಂಗಸು ನದಿಯೊಂದರ ಮೂಲ ಅಳೆಯಲು ಹೊರಟವಳು. ಅಳತೆಯ ಸರಪಳಿಗಳನ್ನೆಲ್ಲ ಒಂದು ಹೇಸರಗತ್ತೆಯ ಮೇಲೆ ಹೇರಿದ್ದಾಳೆ. ಕಣಿವೆಯ ಮೇಲೊಂದು ಹಗ್ಗದ ಸೇತುವೆ. ಹೇಸರಗತ್ತೆ ಮುಂದಿನ ಎರಡು ಕಾಲು ಊರಿ ನಿಂತುಬಿಟ್ಟ ಜಾಗ ಬಂತು. ಹೆಂಗಸು ಮುದ್ದಿಸಿದಳು, ಬೈದಳು, ಎಳೆದಳು. ಹಿಂದೆ ಮೋಡ ಕವಿಯುತ್ತಿದೆ, ಕತ್ತಲಾದರೆ ದಾಟುವಂತಿಲ್ಲ. ಮಗಳು ಇದನ್ನೆಲ್ಲ ಕೂಗದೆ, ಕುಣಿಯದೆ, ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳುವಂತೆ ಓದಿದಳು. ನನ್ನ ಬೆನ್ನು ಗೋಡೆ ಬಿಟ್ಟು ಎಷ್ಟು ಹೊತ್ತಾಗಿತ್ತೋ.

ಆಗ ದನಿ ನಿಂತಿತು. ನೀರು ಕುಡಿಯಲೆಂದು ಬಾಗಿಲು ತೆರೆದವಳು ನನ್ನನ್ನು ನೋಡಿದಳು.

"ಅಪ್ಪಾ! ಏನಂದ್ರು? ಮಾತಾಡಬಹುದಂತಾ?"

ತಲೆಯಾಡಿಸಿದೆ.

"ತಾಳಿ ತಾಳಿ!" ಎನ್ನುತ್ತಾ ಹೆಂಡತಿ ಮುಂದಿನ ಕೋಣೆಯಿಂದ ಬಂದಳು, ಎರಡು ಕೈಯಲ್ಲೂ ಹತ್ತಿಯ ಉಂಡೆ. "ಕಿವಿಗೆ ಇಟ್ಕೊಂಡ್ಮೇಲೆ ಶುರು ಮಾಡಿ. ಇಪ್ಪತ್ತೊಂದು ದಿನದ ಬಾಕಿ ಇದೆ."

ಇಬ್ಬರೂ ನನ್ನೆದುರು ನಿಂತರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಆ ಹೇಸರಗತ್ತೆ ಸೇತುವೆ ದಾಟ್ತಾ?" ಎಂದು ಕೇಳಿದೆ.

ದನಿ ತೆಳ್ಳಗೆ ಬಂತು. ಸಾಕಾಯಿತು, ಇಬ್ಬರಿಗೂ ಕೇಳಿಸಿತು. ಹೆಂಡತಿ ಹತ್ತಿಯನ್ನು ಕಿವಿಗೆ ಇಡಲೂ ಇಲ್ಲ, ಇಳಿಸಲೂ ಇಲ್ಲ. ಮಗಳು ನನ್ನನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿ, ಕಣ್ಣಿಗೆ ಕಸ ಬಿದ್ದವರ ಹಾಗೆ ಎಡಗೈಯಿಂದ ಉಜ್ಜಿಕೊಂಡಳು. ಅಂಥ ದೊಡ್ಡ ಪ್ರಶ್ನೆಯೇನಲ್ಲ ನಾನು ಕೇಳಿದ್ದು. ದಾಟಿತೋ ಇಲ್ಲವೋ ಗೊತ್ತಾಗಬೇಡವೇ?

"ಒಳಗೆ ಬನ್ನಿ. ಅಮ್ಮಾ, ನೀನೂ ಬಾ" ಎಂದಳು. ಮೈಕು ಆರಿಸಿದಳು. ನಮ್ಮಿಬ್ಬರನ್ನೂ ಮಂಚದ ಮೇಲೆ ಕೂರಿಸಿ, ಪುಟ ತೆರೆದು ಓದಿದಳು.

ದಾಟಿತು! ಆ ಹೆಂಗಸು ಜಾಣೆ. ಹೇಸರಗತ್ತೆಯನ್ನು ತಿರುಗಿಸಿ, ಸೇತುವೆಗೆ ಬೆನ್ನು ಮಾಡಿ ನಿಲ್ಲಿಸಿ, ಹಗ್ಗ ಹಿಡಿದು ಈಚೆ ದಡದ ಕಡೆಗೆ ಎಳೆಯತೊಡಗಿದಳು. ಅವಳು ಮುಂದೆ ಎಳೆದಷ್ಟೂ ಅದು ಹಿಂದೆ ಹಿಂದೆ ಸರಿಯಿತು. ಹಾಗೇ ಹಿಮ್ಮುಖವಾಗಿ, ಹೆಜ್ಜೆ ಹೆಜ್ಜೆಗೂ ತಾನೇ ಗೆದ್ದೆನೆಂದುಕೊಂಡು, ಆಚೆ ದಡ ಸೇರಿತು.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ನಕ್ಕದ್ದು ಹೇಸರಗತ್ತೆಯನ್ನು ನೆನೆದು. ಅವರಿಬ್ಬರೂ ನನ್ನ ಕಡೆ ನೋಡಿ ನೋಡಿ ಏಕೆ ನಗುತ್ತಿದ್ದರೋ ತಿಳಿಯಲಿಲ್ಲ.